ಏರಿಯ ಮೇಲಿನ ತಮಟೆ

ತಮಟೆ ಕಾಯಿಸಲು ಹಚ್ಚಿದ್ದ ಹುಲ್ಲಿನ ಬೆಂಕಿಗೆ ಜವರಯ್ಯ ಒಂದು ಕೊಡ ನೀರು ಸುರಿದುಬಿಟ್ಟ. ಬುಸ್ಸೆಂದು ಹೊಗೆ ಎದ್ದಿತು. ಕುಳ್ಳಯ್ಯ ತನ್ನ ತಮಟೆಯನ್ನು ಎದೆಗವಚಿಕೊಂಡು ಹಿಂದಕ್ಕೆ ಹಾರಿದ.

"ಏನ್ಲಾ ಜವರ, ತಲೆ ಕೆಟ್ಟದಾ? ಚರ್ಮ ನೆಂದೋದ್ರೆ ನಿಮ್ಮಪ್ಪ ತಂದ್ಕೊಟ್ಟಾನಾ?"

"ತಮಟೆ ಇಲ್ಲ ಕಣ್ಲಾ. ಹಕ್ಕಿ ಮೊಟ್ಟೆ ಮ್ಯಾಲೆ ಕುಂತವೆ. ಏರಿ ಮ್ಯಾಲೆ ಬಡಿಯಂಗಿಲ್ಲ ಅಂತ ಸಾಯೇಬ್ರ ರೂಲು."

"ರೂಲು ಮಾಡಿದ ಸಾಯೇಬ್ರೇ ಸತ್ತೋದ್ರಲ್ಲಪ್ಪ!"

"ಅವ್ರು ಸತ್ರು ಅಂತ ಹಕ್ಕಿ ಮೊಟ್ಟೆ ಇಕ್ಕೋದ ಬುಟ್ಬುಡ್ತವಾ?"

ಇಬ್ಬರೂ ಒಂದೇ ಬೀದಿಯವರು, ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವವರು. ಆದರೆ ಜವರಯ್ಯ ಪಕ್ಷಿಧಾಮದ ವಾಚರು. ಖಾಕಿ ಅಂಗಿ ತೊಟ್ಟ ಹೊತ್ತಿನಲ್ಲಿ ಅವನಿಗೆ ಬೀದಿಯೂ ಇಲ್ಲ, ಬೀಡಿಯೂ ಇಲ್ಲ. ಇವತ್ತು ಆ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದ.

ಸುಬ್ಬಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಗಂಡನ ತಲೆಯ ಬಳಿ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದಳು. ಹಿಂದಿನ ದಿನ ಸಂಜೆ ಕೃಷ್ಣಮೂರ್ತಿ ಆಫೀಸಿನ ಕುರ್ಚಿಯಲ್ಲಿ ಕುಳಿತವರು ಕುಳಿತಂತೆಯೇ ಹೋಗಿಬಿಟ್ಟಿದ್ದರು. ಊರೆಲ್ಲ ಅವರನ್ನು ಮ್ಯಾನೇಜರ್ರು ಎನ್ನುತ್ತಿತ್ತು. ಅಸಲಿಗೆ ಅವರು ಗುಮಾಸ್ತರು. ಸಿಂಧಘಟ್ಟದ ಆಚೆ ಈ ಕೊಪ್ಪಲಿನ ದೊಡ್ಡಕೆರೆಯನ್ನು ಪಕ್ಷಿಧಾಮ ಮಾಡಿ, ಅದರ ಒಂದು ಮೂಲೆಯನ್ನು ಗಾಳ ಹಾಕುವವರಿಗೆ ಬಿಟ್ಟುಕೊಟ್ಟು, ಏರಿಯ ಬಾಯಲ್ಲಿ ಗೇಟು ನಿಲ್ಲಿಸಿದಾಗ, ಮ್ಯಾನೇಜರು ಬರುವವರೆಗೆ ನೋಡಿಕೊಂಡಿರಿ ಎಂದು ಸರ್ಕಾರ ಅವರನ್ನು ಕಳಿಸಿತ್ತು. ಮ್ಯಾನೇಜರು ಬರಲೇ ಇಲ್ಲ. ಟಿಕೀಟು ಹರಿಯುವುದು, ಮೀನಿನ ಪರ್ಮಿಟ್ಟು ಬರೆಯುವುದು, ಮೈಸೂರಿನಿಂದ ಬಂದವರಿಗೆ ಮೆಲ್ಲಗೆ ಮಾತಾಡಿ ಎಂದು ಹೇಳುವುದು, ಎಲ್ಲವೂ ಇವರ ಪಾಲಿಗೇ ಬಂತು. ತೊಂಬತ್ತಾರನೇ ಇಸವಿಯ ಶಿವರಾತ್ರಿ ಕಳೆದು, ರಿಟೈರಾಗಲು ಎರಡು ವರ್ಷ ಉಳಿದಿತ್ತು.

ಪಕ್ಕದಲ್ಲಿ ಕುಳಿತಿದ್ದ ಚಿಕ್ಕಬೋರಮ್ಮ ಸೆರಗಿನಿಂದ ನೊಣ ಓಡಿಸುತ್ತಾ, "ತಮಟೆ ಇಲ್ದಂಗೆ ಎಂಗವ್ವಾ ಕಳ್ಸೋದು? ದಿಕ್ಕಿಲ್ಲದ ಎಣ ಅಂದಾರು" ಎಂದಳು. ಹಾಲು ಹಾಕುವ ನೆಪದಲ್ಲಿ ಈ ಮನೆಯ ಹೊಸಿಲು ತುಳಿಯುತ್ತಿದ್ದವಳು ಅವಳೊಬ್ಬಳೇ.

ಬೆಳಗಿನಿಂದ ಸುಬ್ಬಮ್ಮನನ್ನು ಕೊರೆಯುತ್ತಿದ್ದುದೂ ಅದೇ ಮಾತು. ಮಕ್ಕಳಿಲ್ಲ. ನೆಂಟರೆಂದರೆ ಕೆ.ಆರ್. ಪೇಟೆಯಿಂದ ಬಂದ ಮೈದುನನೊಬ್ಬ. ಅವನಿಗೂ ಅಕ್ಕಸಾಲಿಕೆ ಅಂಗಡಿಯ ಬಾಗಿಲು ಹಾಕಿ ಬಂದ ಚಿಂತೆ. ತಮಟೆಯಾದರೂ ಮುಂದೆ ಹೋದರೆ, ಹೋಗುತ್ತಿರುವವನಿಗೂ ಒಂದು ಬಾಳಿತ್ತು ಎಂದು ನಾಲ್ಕು ಜನಕ್ಕೆ ಕೇಳಿಸುತ್ತದೆ.

* * *

ಬಂದ ಹೊಸತರಲ್ಲಿ ಊರಿನೊಂದಿಗೆ ಎಲ್ಲ ಚೆನ್ನಾಗಿಯೇ ಇತ್ತು. ಎರಡನೆಯ ಬೇಸಿಗೆಯಲ್ಲಿ ಒಂದು ಶವ ತಮಟೆ, ಪಟಾಕಿಗಳೊಂದಿಗೆ ಏರಿಯ ಮೇಲೆ ಹೋಯಿತು. ಸ್ಮಶಾನ ಏರಿಯ ಆಚೆ ತುದಿಗಿದೆ, ಬೇರೆ ದಾರಿಯಿಲ್ಲ. ನೀರಿನೊಳಗಿನ ಜಾಲಿಮರಗಳಲ್ಲಿ ಕಾವು ಕುಳಿತಿದ್ದ ಹಕ್ಕಿಗಳೆಲ್ಲ ಎದ್ದುಬಿಟ್ಟವು. ಅವು ಎದ್ದದ್ದೇ ತಡ, ಕಾಗೆ ಹದ್ದುಗಳು ಗೂಡಿಗೆ ಇಳಿದವು. ಕೃಷ್ಣಮೂರ್ತಿ ತೆಪ್ಪದಲ್ಲಿ ಹೋಗಿ, ನೀರಿಗೆ ಬಿದ್ದಿದ್ದ ಮರಿಗಳನ್ನು ಕಸದ ಬುಟ್ಟಿಯಲ್ಲಿ ತುಂಬಿಕೊಂಡು ಬಂದರು. ಸಂಜೆಯೊಳಗೆ ಒಂದೂ ಉಳಿಯಲಿಲ್ಲ. ಆ ದಿನ ಅವರು ಅನ್ನದ ಮುಂದೆ ಕುಳಿತು, ಹಾಗೆಯೇ ಎದ್ದು ಕೈ ತೊಳೆದರು.

ಮುಂದಿನ ಸಾವು ನಂಜಪ್ಪನ ತಂದೆಯದು. ನಂಜಪ್ಪನೆಂದರೆ ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಗೌಡ. ಕೃಷ್ಣಮೂರ್ತಿ ಗೇಟಿಗೆ ಅಡ್ಡ ನಿಂತು ಕೈಮುಗಿದರು. "ಏರಿ ದಾಟುವವರೆಗೆ ಮಾತ್ರ ನಿಲ್ಲಿಸಿ, ದಮ್ಮಯ್ಯ."

"ನಮ್ಮಪ್ಪ ಏನ್ ಕಳ್ಳನೇನ್ರೀ, ಸದ್ದಿಲ್ದಂಗೆ ಒತ್ಕೊಂಡೋಗಕೆ?"

ಕೃಷ್ಣಮೂರ್ತಿ ಬಗ್ಗಿ ಅವನ ಕಾಲು ಹಿಡಿದುಬಿಟ್ಟರು. ಕಾಲು ಹಿಡಿದವನನ್ನು ಒದೆಯುವುದು ಹೇಗೆ? ತಮಟೆ ನಿಂತಿತು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ, ಪ್ರತಿ ಸಾವಿಗೂ ಗೇಟಿನ ಬಳಿ ನಿಲ್ಲುತ್ತಲೇ ಬಂತು. ಹಾಗೆಯೇ ಊರಿನವರು ಈ ಮನೆಗೆ ಲಗ್ನಪತ್ರಿಕೆ ಕೊಡುವುದೂ ನಿಂತಿತು. ಗೌರಿ ಹಬ್ಬಕ್ಕೆ ಸುಬ್ಬಮ್ಮ ಬಾಗಿನ ಕಟ್ಟಿಟ್ಟುಕೊಂಡು ಕಾದಳು, ಯಾರೂ ಬರಲಿಲ್ಲ.

ಮನೆಯೊಳಗೂ ಹಕ್ಕಿಗಳದ್ದೇ ಕಾರುಬಾರು. ಒನಕೆ ಎತ್ತುವ ಹಾಗಿಲ್ಲ, ರೇಡಿಯೋ ಕಿವಿಗೆ ಹಚ್ಚಿಕೊಂಡೇ ಕೇಳಬೇಕು. ಗಂಡನನ್ನು ಊಟಕ್ಕೆ ಕರೆಯುವುದೆಂದರೆ ಆಫೀಸಿನವರೆಗೆ ನಡೆದುಹೋಗಿ ಕಿಟಕಿಯ ಮುಂದೆ ನಿಲ್ಲುವುದು. ಭಾನುವಾರ ಗಾಳದವರು ಹೋದಮೇಲೆ ಕೃಷ್ಣಮೂರ್ತಿ ಏರಿಯುದ್ದಕ್ಕೂ ಪೊದೆ ಬಗೆದು, ಹಕ್ಕಿಯ ಕಾಲಿಗೆ ಸಿಕ್ಕಿಕೊಳ್ಳಬಾರದೆಂದು ಹರಿದ ನೈಲಾನ್ ದಾರಗಳನ್ನು ಆರಿಸುತ್ತಿದ್ದರು. ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು.

"ನನ್ನನ್ನೂ ಒಂದಿನ ಇಷ್ಟು ಚೆಂದಾಗಿ ನೋಡ್ಕೋಬಾರ್ದಾ?" ಎಂದು ಸುಬ್ಬಮ್ಮ ಒಮ್ಮೆ ಕೇಳಿಯೂ ಕೇಳಿದಳು.

"ನೀನೇನು ಹಾರಿ ಹೋಗ್ತೀಯಾ?" ಎಂದು ಅವರು ನಕ್ಕರು. ಅವಳೂ ನಕ್ಕಳು. ಆದರೆ ಒಳಗೆ ಹೋಗಿ ಒಲೆಯ ಮುಂದೆ ಬಹಳ ಹೊತ್ತು ಕುಳಿತಿದ್ದಳು.

* * *

ಮದುವೆಗೆ ಕರೆಯದೆ ಹೋಗಬಾರದು, ಸಾವಿಗೆ ಕರೆಯಲೆಂದು ಕಾಯಬಾರದು. ಬಿಸಿಲೇರುವ ಹೊತ್ತಿಗೆ ಊರಿನ ಹತ್ತಾರು ಗಂಡಸರು ಬಂದು ಬೇವಿನ ಮರದಡಿ ನಿಂತರು. ಮುಂದೆ ನಂಜಪ್ಪನೇ ಇದ್ದ. ಚಟ್ಟ ಕಟ್ಟಿ ಮುಗಿದಿತ್ತು. ಜಗಳ ಮುಗಿದಿರಲಿಲ್ಲ.

"ಜವರ ಯೋಳೋದು ಸರಿ ಕಣ್ಲಾ," ಎಂದ ನಂಜಪ್ಪ. "ನಮ್ಮಪ್ಪ ಮೂಕನಂಗೆ ಓದ. ನಮ್ಮವ್ವನೂ ಅಂಗೇ ಓದ್ಳು. ಊರ್ಗೊಂದು ರೂಲು, ಇವ್ರಿಗೊಂದು ರೂಲಾ?"

ಸುಬ್ಬಮ್ಮ ಎದ್ದು ಅಂಗಳಕ್ಕೆ ಬಂದಳು. ಇಷ್ಟು ಜನ ಗಂಡಸರ ಮುಂದೆ ಅವಳು ಎಂದೂ ನಿಂತವಳಲ್ಲ.

"ನಂಜಪ್ಪನೋರೆ, ನಿಮ್ಮಪ್ಪನ ಹಿಂದೆ ಊರಿಗೆ ಊರೇ ಇತ್ತು. ತಮಟೆ ನಿಂತ್ರೂ ನಡೀತು. ಇವ್ರ ಹಿಂದೆ ಯಾರವ್ರೆ ನೋಡಿ. ನಾನು ಒಬ್ಳು. ನಾನೂ ಗೇಟಿನ ತನಕ ಮಾತ್ರ."

ಅವರ ಮನೆತನದಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿಯಿಲ್ಲ. ಮೈದುನ ಬೆಂಕಿಯ ಮಡಕೆ ಹಿಡಿದು ತಲೆ ತಗ್ಗಿಸಿದ.

"ಅಮ್ಮಾರೆ," ಎಂದ ಜವರಯ್ಯ, "ಸಾಯೇಬ್ರು ಒಪ್ತಿರ್ಲಿಲ್ಲ."

"ನಂಗೊತ್ತಿಲ್ವಾ ಜವರಯ್ಯ? ಇವ್ರನ್ನ ಇಷ್ಟು ವರ್ಷ ಹಕ್ಕಿಗೆ ಕೊಟ್ಟೆ. ಇವತ್ತೊಂದಿನ ನಂಗೆ ಬಿಟ್ಕೊಡು."

ನಂಜಪ್ಪ ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡ. "ಬೆಂಕಿ ಆಕ್ಲಾ ಕುಳ್ಳಯ್ಯ. ನಿಲ್ಲಿಸ್ಬ್ಯಾಡ. ಸ್ಮಶಾನದ ಗಂಟ ಬಡಿ, ಬಂದದ್ದ ನಾ ನೋಡ್ಕತೀನಿ." ಹೇಳಿ, ತಾನೇ ಹೋಗಿ ಚಟ್ಟದ ಮುಂದಿನ ಬೊಂಬಿಗೆ ಹೆಗಲು ಕೊಟ್ಟ.

ಕುಳ್ಳಯ್ಯನದೂ ಅವನ ಜೊತೆಯ ಇನ್ನಿಬ್ಬರದೂ ತಮಟೆ ಎದ್ದಿತು. ಕುಳ್ಳಯ್ಯ ಬಡಿದರೆ ಸತ್ತವನಿಗೂ ಕಾಲು ಕುಣಿಯಬೇಕು ಎಂದು ಊರಿನಲ್ಲಿ ಮಾತಿತ್ತು. ಸುಬ್ಬಮ್ಮನ ಎದೆ ಆ ಸದ್ದಿಗೆ ಅದುರಿತು. ದುಃಖದ ನಡುವೆಯೇ ಅವಳಿಗೊಂದು ಹೆಮ್ಮೆ ಬಂತು. ಮೈದುನ ಮಡಕೆ ಹಿಡಿದು ಮುಂದೆ ನಡೆದ. ಚಿಕ್ಕಬೋರಮ್ಮ ಅವಳ ರಟ್ಟೆ ಹಿಡಿದುಕೊಂಡಳು. ಕ್ವಾರ್ಟರ್ಸು ದಾಟಿತು, ಆಫೀಸು ದಾಟಿತು, ಗೇಟು ಬಂತು.

ಗೇಟಿನಲ್ಲಿ ತಮಟೆ ನಿಂತುಹೋಯಿತು.

ಒಬ್ಬನದಲ್ಲ, ಮೂವರದೂ ಒಟ್ಟಿಗೆ. ಪುರಿ ಎರಚುತ್ತಾ ಗೋವಿಂದಾ ಎನ್ನುತ್ತಿದ್ದವರ ಬಾಯಿಯೂ ಅಲ್ಲಿಯೇ ಕಟ್ಟಿತು. ಕುಳ್ಳಯ್ಯ ತನ್ನ ಕೈಯನ್ನೇ ಯಾರದೋ ಕೈ ಎಂಬಂತೆ ನೋಡಿಕೊಂಡ.

"ನಾ ನಿಲ್ಲಿಸ್ನಿಲ್ಲ ಕಣವ್ವಾ," ಎಂದ. ಅದನ್ನೂ ಪಿಸುಗುಟ್ಟಿಯೇ ಹೇಳಿದ. "ಕೈ ತಾನಾಗೇ ನಿಂತೋಯ್ತು. ವರ್ಸಗಟ್ಲೆ ಇಲ್ಲಿಗೆ ಬಂದು ನಿಲ್ಲಿಸಿ ನಿಲ್ಲಿಸಿ..." ಮತ್ತೆ ಕಡ್ಡಿ ಎತ್ತಿದ. ಒಂದು ಪೆಟ್ಟು ಬಿತ್ತು, ಎರಡನೆಯದು ಬೀಳಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು.

ಸುಬ್ಬಮ್ಮ ಅವನ ಮೇಲೆ ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಅವನ ಕೈಗೆ ಹಾಗೆ ಕಲಿಸಿದವರು ಚಟ್ಟದ ಮೇಲೆ ಮಲಗಿದ್ದರು. ಹೊತ್ತವರು ಸದ್ದಿಲ್ಲದೆ ಏರಿ ಹತ್ತಿ ನಡೆದರು. ಚಪ್ಪಲಿಯ ಸದ್ದೂ ಆಗದಂತೆ ಪಾದವನ್ನು ಎತ್ತಿ ಎತ್ತಿ ಇಡುತ್ತಿದ್ದರು. ಯಾರೂ ಹೇಳಿರಲಿಲ್ಲ, ಆದರೂ ಹಾಗೆಯೇ ನಡೆಯುತ್ತಿದ್ದರು. ಮರಗಳಲ್ಲಿ ಹಕ್ಕಿಗಳು ನೆಮ್ಮದಿಯಾಗಿ ಕುಳಿತು ಗೂಡಿನ ಕಡ್ಡಿ ಸರಿಮಾಡಿಕೊಳ್ಳುತ್ತಿದ್ದವು.

"ಸಾಕು ಬಾ ಸುಬ್ಬಕ್ಕ, ಇಲ್ಲಿಗೇ," ಎಂದು ಚಿಕ್ಕಬೋರಮ್ಮ ಕೈ ಹಿಡಿದೆಳೆದಳು.

ಸುಬ್ಬಮ್ಮ ಗೇಟಿನ ಸರಳು ಹಿಡಿದುಕೊಂಡು ನಿಂತಳು. ಚಟ್ಟ ದೂರವಾಗುತ್ತಾ ಹೋಯಿತು. ಕದಲದೆ ಕುಳಿತ ಹಕ್ಕಿಗಳನ್ನು ಕಂಡು ಅವಳಿಗೆ ತಡೆಯಲಾರದಷ್ಟು ಹೊಟ್ಟೆ ಉರಿಯಿತು. ತಾಳಿ ಕಟ್ಟಿಸಿಕೊಂಡ ದಿನದಿಂದ ಗಂಡನ ಹೆಸರನ್ನು ಒಮ್ಮೆಯೂ ನಾಲಿಗೆಯ ಮೇಲೆ ತಂದವಳಲ್ಲ ಅವಳು.

"ಕೃಷ್ಣಮೂರ್ತೀ..."

ಆ ಕೂಗು ನೀರಿನ ಮೇಲೆ ಆಚೆ ದಡದವರೆಗೆ ಹೋಯಿತು. ಜಾಲಿಮರಗಳಿಂದ ಹಕ್ಕಿಗಳು ಒಮ್ಮೆಲೇ ಎದ್ದವು. ಬಿಳಿಯವು, ಬೂದುಬಣ್ಣದವು, ಕೆರೆಗೆ ಕೆರೆಯೇ ಮೇಲೆದ್ದಂತಾಯಿತು. ಏರಿಯ ಮೇಲೆ ಚಟ್ಟ ನಿಂತುಬಿಟ್ಟಿತು. ಅದರ ಹಿಂದೆ ಹೋಗುತ್ತಿದ್ದ ಜವರಯ್ಯ ರೂಢಿಯಂತೆ ತುಟಿಯ ಮೇಲೆ ಬೆರಳಿಟ್ಟು ಗರ್ರನೆ ತಿರುಗಿದ, ಕೂಗಿದವರು ಯಾರೆಂದು ಕಂಡ, ಬೆರಳು ಇಳಿಸಿ ಸುಮ್ಮನೆ ನಿಂತ.

ಸ್ವಲ್ಪ ಹೊತ್ತಿಗೆ ಹಕ್ಕಿಗಳು ಒಂದೊಂದಾಗಿ ಗೂಡಿನ ಕಡೆ ಇಳಿಯತೊಡಗಿದವು. ಸುಬ್ಬಮ್ಮ ಉಸಿರೆಳೆದುಕೊಂಡು ಇನ್ನೊಮ್ಮೆ ಕೂಗಿದಳು. ಇಳಿಯುತ್ತಿದ್ದವೆಲ್ಲ ಮತ್ತೆ ಎದ್ದವು.