ಶಾಂಟ್ಸಿಯ ಮರದ ಸ್ಟಿಕ್ಕು

ನಾನು ಮಾಡಿದ್ದು ಮೋಸವೇ. ಅದಕ್ಕೆ ಬೇರೆ ಹೆಸರಿಟ್ಟು ಚಂದಗಾಣಿಸುವ ಆಸೆ ನನಗಿಲ್ಲ. ಆದರೆ ಶಾಂಟ್ಸಿಯಂಥ ಹಟಮಾರಿಯ ಜೊತೆ ನೇರವಾಗಿ ಮಾತಾಡಿ ಗೆದ್ದವರು ನಮ್ಮೂರು ಕೋಲ್ಬಿ ಮಿಲ್ಸಿನಲ್ಲಿ ಯಾರಾದರೂ ಇದ್ದರೆ ಮೊದಲು ಮುಂದೆ ಬರಲಿ, ಆಮೇಲೆ ನನ್ನನ್ನು ಬೈಯಲಿ.

ಅವರ ಪೂರ್ತಿ ಹೆಸರು ಎಲ್ಡನ್ ಶಾಂಟ್ಜ್. ಐಸ್ ಹಾಕಿ ಆಡುವವರ ನಡುವೆ ಯಾರ ಹೆಸರೂ ನೆಟ್ಟಗೆ ಉಳಿಯುವುದಿಲ್ಲ. ಅವರು ಶಾಂಟ್ಸಿಯಾದರು, ಲೀಟಾ ಮಾರ್ಟಿನ್ ಆದ ನಾನು ಮಾರ್ಟಿಯಾದೆ. ನದಿಯ ದಡದಲ್ಲಿ ಮರದ ಸ್ಟಿಕ್ಕಿನ ಕಾರ್ಖಾನೆ ಇದ್ದಾಗ ಅವರು ಅಲ್ಲಿ ಸ್ಟಿಕ್ಕಿನ ತುದಿಯ ಚಪ್ಪಟೆ ಬ್ಲೇಡನ್ನು ಬಗ್ಗಿಸುವ ಮೇಸ್ತ್ರಿ. ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಸೇರಿದ ನನಗೆ ಕೆಲಸ ಕಲಿಸಿದವರು ಅವರೇ. ಕಾರ್ಖಾನೆ ಮುಚ್ಚಿದ ಮೇಲೆ ನಾನು, ಮಿಲೋಶ್ ಎಂಬ ಎಂಜಿನಿಯರು ಸೇರಿ ಅದೇ ಕಟ್ಟಡದ ಹಿಂಭಾಗದಲ್ಲಿ ಕಾರ್ಬನ್ ಸ್ಟಿಕ್ಕು ಮಾಡಲು ಶುರು ಮಾಡಿದೆವು. ಆ ವಾರವೇ ಶಾಂಟ್ಸಿ ಅರೀನಾದಲ್ಲಿ, ಇಡೀ ತಂಡದ ಎದುರು ಎದ್ದು ನಿಂತರು.

"ಕೇಳಿಸ್ಕೊಳ್ರೋ. ಆ ಕರೀ ಕಡ್ಡೀನ ನಾನೇನಾದ್ರೂ ಕೈಯಲ್ಲಿ ಹಿಡಿದ್ರೆ, ಇಲ್ಲೇ ಕೂತು ನನ್ನ ಸ್ಕೇಟಿನ ಲೇಸು ತಿಂತೀನಿ!"

ನಮ್ಮದು ಗುರುವಾರ ಬೆಳಗಿನ ತಂಡ, ಅರವತ್ತು ದಾಟಿದವರದ್ದು; ಎರಡು ಪಾಲಾಗಿ ನಮ್ಮೊಳಗೇ ಆಡುವುದು. ಗೋಲು ಕಾಯುವ ಗೋಲಿಯಾಗಿ ನಿಲ್ಲಲು ಯಾರ ಮೊಣಕಾಲೂ ಒಪ್ಪದ್ದರಿಂದ ನಲವತ್ತೇಳರ ನನ್ನನ್ನು ಸೇರಿಸಿಕೊಂಡಿದ್ದರು. ಹೋದ ನವೆಂಬರಿನಲ್ಲಿ, ಆಟದ ಮಧ್ಯೆ, ಶಾಂಟ್ಸಿ ಗ್ಯಾರೇಜಿನಲ್ಲಿ ಕೂಡಿಟ್ಟಿದ್ದ ಸ್ಟಿಕ್ಕುಗಳಲ್ಲಿ ಕೊನೆಯದು ಲಟಕ್ಕೆಂದು ಮುರಿಯಿತು. ಬಲಭುಜ ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಅವರು ತುಂಡುಗಳನ್ನು ಎತ್ತಿಕೊಂಡು, "ಮುಗೀತು. ಇನ್ನು ಸ್ಕೇಟು ಮೊಳೆಗೆ ತೂಗು ಹಾಕೋದೇ," ಎಂದು ಹೊರಟೇಹೋದರು.

ಎರಡು ವಾರದಲ್ಲಿ ಅವರ ಹೆಂಡತಿ ಆರ್ಡಿತ್ ಫೋನ್ ಮಾಡಿದರು. "ಮಾರ್ಟಿ, ಇವ್ರು ಬೆಳಿಗ್ಗೆಯಿಂದ ನನ್ನ ಚಮಚಗಳನ್ನ ಉದ್ದದ ಪ್ರಕಾರ ಜೋಡಿಸ್ತಾ ಕೂತಿದಾರೆ ಕಣಮ್ಮಾ. ಏನಾದ್ರೂ ಮಾಡು. ಇಲ್ದಿದ್ರೆ ಇವ್ರನ್ನೂ ಮೊಳೆಗೇ ತೂಗು ಹಾಕ್ತೀನಿ."

ನಗು ಬಂತು. ಆದರೆ ಆ ಮನುಷ್ಯ ಐಸಿನ ಮೇಲಿಲ್ಲದ ಗುರುವಾರ ನನಗೆ ಗುರುವಾರವೇ ಅಲ್ಲ.

ಕಾರ್ಬನ್ ಸ್ಟಿಕ್ಕಿಗೆ ಮರದ ವೇಷ ಹಾಕುವ ನನ್ನ ಯೋಜನೆ ಕೇಳಿ ಮಿಲೋಶ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಐದು ವರ್ಷದಿಂದ ಒಂದೊಂದು ಗ್ರಾಂ ಇಳಿಸೋಕೆ ನಿದ್ದೆಗೆಟ್ಟಿದೀನಿ. ಈಗ ತೂಕ ಏರಿಸು ಅಂತೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ?"

"ನೆಟ್ಟಗಿದ್ದಿದ್ರೆ ಹಾರಿ ಬರೋ ರಬ್ಬರ್ ಬಿಲ್ಲೆಗೆ ಅಡ್ಡ ನಿಲ್ತಿದ್ನಾ? ಸುಮ್ನೆ ಬಟ್ಟೆ ಕತ್ತರಿಸು."

ಅವನು ಗೊಣಗುತ್ತಲೇ ಅಂಟು ಹೀರಿದ ಕಾರ್ಬನ್ ಬಟ್ಟೆಯನ್ನು ಫ್ರೀಜರಿನಿಂದ ತೆಗೆದ. ಒಂದು ಪದರ ನೇರ, ಒಂದು ಓರೆ, ಹೀಗೆ ಉಕ್ಕಿನ ಸರಳಿಗೆ ಸುತ್ತಿದೆವು. ಸರಳು ಎಳೆದು, ಒಳಗೆ ಬಲೂನು ತೂರಿಸಿ, ಬಿಸಿ ಅಚ್ಚಿಗೆ ಹಾಕಿ ಗಾಳಿ ತುಂಬಿದೆವು. ಬ್ಲೇಡಿನ ಬಾಗನ್ನು ಹಳೇ ಕಾರ್ಖಾನೆಯ ಅಚ್ಚಿನಿಂದಲೇ ಅಳೆದಿದ್ದೆ. ಮೇಲೆ ಕಾಗದದಷ್ಟು ತೆಳ್ಳನೆಯ ಮರದ ಹಾಳೆ ಅಂಟಿಸಿದ ಮೇಲೂ ನಾನೂರು ಗ್ರಾಂ ದಾಟಲಿಲ್ಲ. ಮರದ್ದು ಆರುನೂರ ನಲವತ್ತು ತೂಗಬೇಕು. ಆದ್ದರಿಂದ ಬಾತುಕೋಳಿ ಬೇಟೆಯ ಸೀಸದ ಗುಂಡುಗಳನ್ನು ಉದ್ದನೆಯ ಬಟ್ಟೆ ಚೀಲದಲ್ಲಿ ತುಂಬಿ, ಟೊಳ್ಳು ಹಿಡಿಯೊಳಗೆ ಇಳಿಸಿ, ತುದಿಗೆ ಬಿರಡೆ ಹಾಕಿದೆ. ಪ್ರತಿ ಗುರುವಾರ ಆಟ ಮುಗಿದು ಎಲ್ಲರೂ ಕ್ಯಾಂಟೀನಿಗೆ ಹೋದಾಗ ಇಪ್ಪತ್ತು ಗ್ರಾಂ ತೆಗೆಯುವುದು, ಅವರು ಸುತ್ತುವ ಹಾಗೆಯೇ ಏಳು ಸುತ್ತು ಟೇಪು ಸುತ್ತಿಡುವುದು. ಮಾರ್ಚ್ ಮುಗಿಯುವಷ್ಟರಲ್ಲಿ ಶಾಂಟ್ಸಿ ತಮಗರಿವಿಲ್ಲದೆ ಹಗುರ ಕಾರ್ಬನ್ ಸ್ಟಿಕ್ಕಿಗೆ ಒಗ್ಗಿರುತ್ತಾರೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

"ಹಳೇ ಕಾರ್ಖಾನೆ ಅಟ್ಟದಲ್ಲಿ ಒಂದು ಮರದ ಸ್ಟಿಕ್ಕು ಸಿಕ್ತು," ಎಂದು ಸ್ಟಿಕ್ಕನ್ನು ಅವರ ಕೈಗಿಟ್ಟೆ. ಅವರು ನೆಲಕ್ಕೆ ಕುಟ್ಟಿ ಸದ್ದು ಕೇಳಿದರು. ಮೂಸಿ ನೋಡಿದರು. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ದಿಟ್ಟಿಸಿದರು.

"ಗುರುವಾರ ಎಷ್ಟು ಗಂಟೆಗೆ?" ಎಂದು ಮಾತ್ರ ಕೇಳಿದರು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಬಾಯಿತುಂಬ ತುತ್ತಿದ್ದಾಗ ಥಟ್ಟನೆ ನೆನಪಾಯಿತು. ಮರದ ಸ್ಟಿಕ್ಕು ಹಿಡಿದವನು ಕಾರ್ಖಾನೆಯ ಬಾಗನ್ನು ಎಂದಾದರೂ ಹಾಗೇ ಒಪ್ಪುತ್ತಾನೆಯೇ? ಮನೆಗೆ ಒಯ್ದು, ಕೆಟಲಿನ ಹಬೆ ಹಿಡಿದು, ಬಾಗಿಲ ಸಂದಿಗೆ ಸಿಕ್ಕಿಸಿ ತನಗೆ ಬೇಕಾದಷ್ಟು ಬಗ್ಗಿಸಿಕೊಂಡ ಮೇಲೇ ಅದು ಅವನದು. ಇದನ್ನು ನನಗೆ ಕಲಿಸಿದ್ದು ಶಾಂಟ್ಸಿಯೇ. ಕಾರ್ಬನ್ನಿನಲ್ಲಿ ಮುಳುಗಿ ನಾನು ಅದನ್ನೇ ಮರೆತಿದ್ದೆ. ಹಬೆಗೆಲ್ಲ ನಮ್ಮ ಬ್ಲೇಡು ಬಾಗುವುದಿಲ್ಲ.

ಆರ್ಡಿತ್‌ಗೆ ಫೋನ್ ಮಾಡಿದೆ. "ಅಡುಗೆಮನೆ ಬಾಗಿಲು ಹಾಕ್ಕೊಂಡು ಒಳಗಿದಾರೆ. ಕೆಟಲ್ ಕೂಗ್ತಾನೇ ಇದೆ. ಯಾಕಮ್ಮಾ?"

"ಏನಿಲ್ಲ, ಹೀಗೇ," ಎಂದು ಇಟ್ಟೆ.

ಗುರುವಾರ ಶಾಂಟ್ಸಿ ಶಿಳ್ಳೆ ಹಾಕುತ್ತಾ ಬಂದರು. "ಬಗ್ಗಿಸ್ಕೊಂಡೆ, ಮಾರ್ಟಿ. ಒಳ್ಳೇ ಮರ. ಹೇಳಿದ ಮಾತು ಕೇಳ್ತು." ನಾನು ಬ್ಲೇಡು ನೋಡಿದೆ. ನಾನು ಅಚ್ಚಿನಲ್ಲಿ ಇಟ್ಟಿದ್ದ ಬಾಗು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಪಾಪ, ಮುದುಕರ ಕಣ್ಣು ಮಂಜಾಗಿದೆ ಎಂದುಕೊಂಡು ಒಳಗೊಳಗೇ ನಕ್ಕೆ.

ಎರಡನೇ ವಾರಕ್ಕೆ ಅವರು ಭುಜ ಒತ್ತಿಕೊಳ್ಳುವುದು ನಿಲ್ಲಿಸಿದರು. ಮೂರನೇ ವಾರ ನನ್ನ ಎಡಗಿವಿಯ ಪಕ್ಕದಿಂದ ಒಂದು ಗೋಲು ಹೋಯಿತು. ನಾಲ್ಕನೇ ವಾರ ಎರಡು. ಇಪ್ಪತ್ತು ಗ್ರಾಮಿಗೆ ಇಷ್ಟೊಂದು ಮಹಿಮೆಯೇ ಎಂದು ಮಿಲೋಶ್ ಲೆಕ್ಕ ಹಾಕುತ್ತಾ ತಲೆ ಕೆರೆದುಕೊಂಡ. ಶಾಂಟ್ಸಿಯ ಬಾಯಿಗಂತೂ ಬೀಗವೇ ಇರಲಿಲ್ಲ.

"ನೋಡಿದ್ರೇನ್ರೋ? ಮರ ಅಂದ್ರೆ ಮರ! ಏ ಆರ್ವಲ್, ಆ ಕರೀ ಕಡ್ಡೀನ ಟೊಮ್ಯಾಟೊ ಗಿಡಕ್ಕೆ ಊರುಗೋಲು ಮಾಡ್ಕೋ ಹೋಗು!"

ಐದನೇ ವಾರ ನನಗೆ ಹುಷಾರಿಲ್ಲದೆ ಟೇಪು ಬಿಚ್ಚಲಾಗಲಿಲ್ಲ. ಆರನೇ ಗುರುವಾರ ಬಿರಡೆ ತೆಗೆದು ಚೀಲ ಎಳೆದರೆ ಅದು ಗಾಳಿಯಂತೆ ಮೇಲೆ ಬಂತು. ಬಿಚ್ಚಿ ಅಂಗೈ ಮೇಲೆ ಸುರಿದೆ. ಒಂದೇ ಒಂದು ಸೀಸದ ಗುಂಡಿರಲಿಲ್ಲ. ಬಿದ್ದದ್ದು ಹಿಡಿಯಷ್ಟು ಒಣ ಬಟಾಣಿ.

ಬಟಾಣಿಯನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿ, ಏಳು ಸುತ್ತು ಟೇಪು ಸುತ್ತಿಟ್ಟೆ.

ಕ್ಯಾಂಟೀನಿನಲ್ಲಿ ಶಾಂಟ್ಸಿ ಮೂಲೆಯ ಮೇಜಿನಲ್ಲಿ ಬಟಾಣಿ ಸೂಪು ಕುಡಿಯುತ್ತಿದ್ದರು. ಎದುರಿಗೆ ಕೂತೆ.

"ಸೂಪು ಚೆನ್ನಾಗಿದೆಯಾ?"

"ಪರವಾಗಿಲ್ಲ. ಮನೇಲಿ ಬಟಾಣಿ ಯಾಕೋ ಕಮ್ಮಿ ಬಿದ್ದಿದೆ. ಅದಕ್ಕೇ ಇಲ್ಲಿ ಕುಡೀತಿದೀನಿ."

"ಯಾವತ್ತು ಗೊತ್ತಾಯ್ತು ನಿಮಗೆ?"

"ಮೊದಲ ಶನಿವಾರವೇ. ಬಾಗಿಲಿನ ಕೀಲು ಕಿತ್ತು ಬಂತು, ಬ್ಲೇಡು ಬಾಗಲಿಲ್ಲ. ಆರ್ಡಿತ್ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ." ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಆ ದಿನವೂ, ಮೊದಲ ಆಟ ಆದ್ಮೇಲೂ ಅಡುಗೆಮನೆ ತಕ್ಕಡೀಲಿ ತೂಗಿ ನೋಡ್ದೆ. ವಾರಕ್ಕೆ ಇಪ್ಪತ್ತು ಗ್ರಾಮಾ? ನನಗೆ ಅರವತ್ತೊಂಬತ್ತು ಕಣೇ ಹುಡುಗಿ. ಅಷ್ಟು ಪುರುಸೊತ್ತು ನನಗೆಲ್ಲಿದೆ? ಎರಡನೇ ವಾರಕ್ಕೇ ಎಲ್ಲಾ ಸುರಿದುಬಿಟ್ಟೆ."

"ಮತ್ತೆ ನಾನು ತೆಗೀತಿದ್ದ ಸೀಸ?"

"ಆಟಕ್ಕೆ ಮುಂಚೆ ಸುರೀತಿದ್ದೆ, ಆಟ ಮುಗಿದ ಕೂಡಲೇ ಮತ್ತೆ ತುಂಬ್ತಿದ್ದೆ. ನಿನ್ನ ಸಂತೋಷಕ್ಕೆ. ಇವತ್ತು ಬೇಜಾರಾಗಿ ಬಟಾಣಿ ಹಾಕ್ದೆ."

ನನ್ನ ಗೋಲಿ ಚೀಲದಲ್ಲಿ ಯಾವಾಗಲೂ ಒಂದು ಹೊಸ ಜೊತೆ ಲೇಸು ಇರುತ್ತದೆ. ತೆಗೆದು ಸೂಪಿನ ಬಟ್ಟಲ ಪಕ್ಕ ಇಟ್ಟೆ. ಉಪ್ಪಿನ ಡಬ್ಬಿಯನ್ನೂ ಹತ್ತಿರ ಸರಿಸಿದೆ. ಪಕ್ಕದ ಮೇಜಿನಿಂದ ಆರ್ವಲ್ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಶಾಂಟ್ಸಿ ಲೇಸನ್ನು ಎತ್ತಿ, ಎರಡು ಕೈಯಿಂದ ಜಗ್ಗಿ ಗಟ್ಟಿ ಇದೆಯೇ ಎಂದು ಪರೀಕ್ಷಿಸಿದರು. ನಿಧಾನವಾಗಿ ಮಡಚಿ ಕೋಟಿನ ಜೇಬಿಗಿಟ್ಟುಕೊಂಡರು.

"ಮುಂದಿನ ಚಳಿಗಾಲಕ್ಕೆ ಆಗುತ್ತೆ," ಎಂದರು. "ಈಗಿರೋದು ಸವೆದುಹೋಗಿದೆ."

ನಾನು ಏನಾದರೂ ಹೇಳುವಷ್ಟರಲ್ಲಿ ಅವರು ಇಡೀ ಕ್ಯಾಂಟೀನಿಗೆ ಕೇಳುವಂತೆ ದನಿ ಏರಿಸಿದರು.

"ಮಾರ್ಟಿ, ಆ ಅಟ್ಟದಲ್ಲಿ ಇನ್ನೊಂದು ಮರದ ಸ್ಟಿಕ್ಕು ಇದೆಯಾ ನೋಡಮ್ಮಾ. ಸ್ವಲ್ಪ ಹಗುರದ್ದಿದ್ರೆ ಒಳ್ಳೇದು."