ಹಲ್ಲಿನ ಡಾಕ್ಟರ ವಿಮಾನ

ಹಾರಾಟದ ಸಂಘದ ಮುಂದೆ ಆ ಬೆಳಗ್ಗೆ ಒಂದು ಗಹನವಾದ ಪ್ರಶ್ನೆ ಬಂದು ನಿಂತಿತ್ತು: ಹಲ್ಲಿನ ಡಾಕ್ಟರು ತಾವೇ ಕಟ್ಟಿದ ಪುಟ್ಟ ವಿಮಾನದ ಬಾಲಕ್ಕೆ ಬಳಿದದ್ದು ನಿಂಬೆ ಹಳದಿಯೋ, ಸಾಸಿವೆ ಹಳದಿಯೋ? ಶೆಡ್ಡಿನಲ್ಲಿ ಆಗಲೇ ಎರಡು ಪಕ್ಷಗಳಾಗಿದ್ದವು.

ಡಾಕ್ಟರ ಅಕ್ಕ, ನಿವೃತ್ತ ಹೆಡ್‌ಮಿಸ್ಟ್ರೆಸ್, ಯಾವ ಪಕ್ಷಕ್ಕೂ ಸೇರಲಿಲ್ಲ. ತಮ್ಮ ಇವತ್ತು ಮೊದಲ ಸಲ ಇದರಲ್ಲಿ ಹಾರುವವನಿದ್ದ. ಸಂಘದವರು ಮನೆಯಲ್ಲಿ ಕಟ್ಟಿಕೊಂಡ ಎರಡು ವಿಮಾನಗಳು ಇದಕ್ಕೆ ಮುಂಚೆ ನೆಲ ಬಿಟ್ಟ ಕೂಡಲೇ ಮಗುಚಿದ್ದವು. ಒಬ್ಬ ಸತ್ತ, ಇನ್ನೊಬ್ಬ ಊರುಗೋಲು ಹಿಡಿದ. ತನಿಖೆಗೆ ಬಂದವರು ‘ನಿಯಂತ್ರಣ ತಪ್ಪಿದೆ, ಕಾರಣ ತಿಳಿಯದು’ ಎಂದು ಹೇಳಿ ಕೈತೊಳೆದುಕೊಂಡರು. ಜೀವನವಿಡೀ “ಗೊತ್ತಿಲ್ಲ ಮಿಸ್” ಕೇಳಿದ ಅಕ್ಕನ ಕಿವಿಗೆ ಆ ಉತ್ತರ ರುಚಿಸಿರಲಿಲ್ಲ.

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಪರೀಕ್ಷಿಸುವುದು ಸಂಘದ ಪದ್ಧತಿ. ಇವತ್ತಿನ ಸರದಿ ಫೋಟೋ ಸ್ಟುಡಿಯೋದವನದು. ಅವನು ರೆಕ್ಕೆಯ ಮೇಲೆ ಕೈಯಾಡಿಸಿ, ತಲೆ ಓರೆ ಮಾಡಿ ನೋಡಿದ.

“ಅದ್ಭುತ ಡಾಕ್ಟ್ರೇ! ಹತ್ತಿ, ಹತ್ತಿ.”

“ಪರೀಕ್ಷೆ ಯಾವಾಗ?” ಅಂದರು ಅಕ್ಕ.

“ಆಯ್ತಲ್ಲ ಮೇಡಂ.”

“ಸವರಿದ್ದು ನೋಡ್ದೆ. ಅಲ್ಲಾಡಿಸಿದ್ದು ಕಾಣ್ಲಿಲ್ಲ.”

“ಸ್ನೇಹಿತರ ಕೆಲಸಾನ ಹಿಡಿದು ಎಳೆದಾಡಿದ್ರೆ ಚೆನ್ನಾಗಿರುತ್ತಾ?”

“ಅಕ್ಕಾ, ಮಾನ ಕಳೀಬೇಡ,” ತಮ್ಮ ಪಿಸುಗುಟ್ಟಿದ.

“ನಿನ್ನ ಮಾನ ಆಮೇಲೆ ನೋಡೋಣ ಕಣೋ. ಒಳಗೆ ಕೂತ್ಕೋ. ಆ ನಡೆಸೋ ಕೋಲು ಎಡಕ್ಕೆ ತಳ್ಳು.”

ಅವನು ಮುಖ ಗಂಟಿಕ್ಕಿಕೊಂಡೇ ತಳ್ಳಿದ. ಅಕ್ಕ ವಿಮಾನದ ಹಿಂದೆ ನಿಂತು, ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವ, ರೆಕ್ಕೆಗಳ ಅಂಚಿನ ಹಲಗೆಗಳನ್ನು ದಿಟ್ಟಿಸಿದರು.

“ಈಗ ಯಾವ ಕಡೇದು ಮೇಲೇಳ್ಬೇಕು?”

“ಎಡಗಡೇದು. ಅಷ್ಟೂ ಗೊತ್ತಿಲ್ವಾ ನಿಂಗೆ?”

“ನಂಗೆ ಗೊತ್ತಿಲ್ಲಪ್ಪ. ಎದ್ದಿರೋದು ಬಲಗಡೇದು.”

ಹಳದಿಯ ಚರ್ಚೆ ನಿಂತಿತು. ಡಾಕ್ಟರು ಹೊರಳಿ ನೋಡಿದರು, ಇನ್ನೊಮ್ಮೆ ತಳ್ಳಿದರು, ಬೆವರಿದರು. ಸೀಟಿನ ಹಿಂದಿನ ಇಕ್ಕಟ್ಟಿನಲ್ಲಿ ಕೋಲಿನಿಂದ ಆ ಹಲಗೆಗಳಿಗೆ ಹೋಗುವ ತಂತಿಗಳನ್ನು ಜೋಡಿಸುವಾಗ ಅವರು ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಬಳಸಿದ್ದರು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದನ್ನು ಪಳಗಿದ ಕೈ ತಾನಾಗಿ ಸರಿಪಡಿಸಿತ್ತು. ಅದು ಸಾಲದೆಂದು ತಲೆಯೂ ಎಚ್ಚರಿಕೆಯಿಂದ ಮತ್ತೊಮ್ಮೆ ಸರಿಪಡಿಸಿ, ತಂತಿಗಳನ್ನು ತಿರುಗುಮುರುಗು ಮಾಡಿತ್ತು.

“ಆ ಇಬ್ಬರ ವಿಮಾನಾನೂ ಹೀಗೇ ಸವರಿದ್ರಾ?” ಅಕ್ಕ ಕೇಳಿದರು. “ಯಾರು?”

ಅವುಗಳಲ್ಲಿ ಒಂದನ್ನು ಪರೀಕ್ಷಿಸಿದ್ದ ಸ್ಟುಡಿಯೋದವನು, ಇನ್ನೊಂದನ್ನು ಪರೀಕ್ಷಿಸಿದ್ದ ಸಂಘದ ಖಜಾಂಚಿಯನ್ನು ನೋಡಿದ. ಖಜಾಂಚಿ ಸ್ಟುಡಿಯೋದವನನ್ನು ನೋಡಿದ. ಒಬ್ಬರ ನೋಟದಲ್ಲೂ ಸ್ನೇಹವಿರಲಿಲ್ಲ.

ಡಾಕ್ಟರು ಅಂದು ಹಾರಲಿಲ್ಲ.