ಗುಡ್ಡದ ಮೇಲಿನ ಅರಮನೆ ನೋಡಲು ಹೋದದ್ದು

ದೋಹಾಕ್ಕೆ ಬಂದಿಳಿದ ದಿನದಿಂದ ಬ್ರಿಜಿಟ್ ಬಾಯಿ ಕೇಳುತ್ತಿದ್ದದ್ದು ಒಂದೇ: ಅರಮನೆ ನೋಡಲು ಹೋಗುವುದು ಯಾವಾಗ?

ಬ್ರಿಜಿಟ್ ಬಾಯಿ ದೋಹಾದಲ್ಲಿ ಕೆಲಸಕ್ಕಿದ್ದ ಜೇಕಬ್‌ನ ಅಕ್ಕ. ಮದುವೆಯಾಗದೆ ತಮ್ಮನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದವಳು, ಶಿರ್ವದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ವರ್ಷ ವರ್ಷವೂ ಮಕ್ಕಳನ್ನು ಕಟ್ಟಿಕೊಂಡು ಮೈಸೂರು, ಮಡಿಕೇರಿ ಸುತ್ತಿಸಿದ್ದರಿಂದ ಅರಮನೆಯೆಂದರೆ ಹೇಗಿರಬೇಕು, ಅದರ ಮುಂದಿನ ಹೂದೋಟ ಹೇಗಿರಬೇಕು ಎಂಬುದರ ಬಗ್ಗೆ ಅವಳಿಗೆ ಗಟ್ಟಿ ಅಭಿಪ್ರಾಯಗಳಿದ್ದವು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ, ಒಂದು ಮದುವೆಯ ಊಟದಲ್ಲಿ ನಾಲ್ಕು ಜನರೆದುರು ಜೇಕಬ್ ಹೇಳಿಬಿಟ್ಟಿದ್ದ: ದೋಹಾದಿಂದ ಅರ್ಧ ಗಂಟೆ ಹೋದರೆ ಗುಡ್ಡದ ಮೇಲೆ ಶೇಕರ ಅರಮನೆಗಳು, ಸುತ್ತ ತೋಟ, ಮೈಸೂರಿನದ್ದು ಅದರ ಮುಂದೆ ಏನೂ ಅಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ಕೊನ್ಸೆಪ್ಟಾ ಅದನ್ನು ಕೇಳಿಸಿಕೊಂಡು ಪಲ್ಯ ಬಡಿಸಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಕತಾರ್ ಅಂಗೈಯಷ್ಟು ಚಪ್ಪಟೆಯಾದ ದೇಶ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಈಗ ಅಕ್ಕ ವಿಸಿಟ್ ವೀಸಾದಲ್ಲಿ ಬಂದು ನಜ್ಮಾ ಬಡಾವಣೆಯ ಅವರ ಸಣ್ಣ ಫ್ಲ್ಯಾಟಿನಲ್ಲಿ ಕುಳಿತಿದ್ದಳು. ಒಂದು ಶುಕ್ರವಾರ ಜೇಕಬ್‌ಗೆ ತಲೆನೋವು, ಇನ್ನೊಂದು ಶುಕ್ರವಾರ ಧೂಳುಗಾಳಿ. ಹಿಂತಿರುಗುವ ಮುಂಚಿನ ಕೊನೆಯ ಶುಕ್ರವಾರ ಬಂದಾಗ ಅವನಿಗೆ ಯಾವ ನೆಪವೂ ಉಳಿದಿರಲಿಲ್ಲ. ಉತ್ತರದ ಉಮ್ಮ್ ಸಲಾಲ್ ಕಡೆ ಹಳೆಯದೊಂದು ಕೋಟೆ ಉಂಟು, ಸ್ವಲ್ಪ ಎತ್ತರದಲ್ಲೂ ಉಂಟು ಎಂದು ಆಫೀಸಿನ ತಿರುಮಲೇಶ್ ಹೇಳಿದ್ದೇ ಅವನಿಗೆ ಆಧಾರವಾಯಿತು.

ವಾರವಿಡೀ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಟೈಪ್ ಮಾಡುವ ಕೊನ್ಸೆಪ್ಟಾಗೆ ಇದ್ದದ್ದು ಅದೊಂದೇ ರಜೆ. ಆ ದಿನವೂ ಬೆಳಕು ಹರಿಯುವ ಮೊದಲೇ ಎದ್ದು ಟೊಮೆಟೊ ಭಾತ್ ಮಾಡಿ, ಮೊಟ್ಟೆ ಬೇಯಿಸಿ, ಫ್ಲಾಸ್ಕಿಗೆ ಚಹಾ ತುಂಬಿದಳು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರವಾದ್ದರಿಂದ ಮಾಂಸ ಮಾಡುವಂತಿರಲಿಲ್ಲ. ಬ್ರಿಜಿಟ್ ಬಾಯಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಅರಮನೆಗೆ ಹೋಗುವಾಗ ಹಾಕಲೆಂದೇ ಊರಿನಿಂದ ತಂದ ಕರಿ ಬೂಟು ಹಾಕಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು. ಕೊನ್ಸೆಪ್ಟಾ ಡಬ್ಬಗಳ ಜೊತೆ ಹಿಂದೆ ಕುಳಿತಳು.

ಕೋಟೆ ಸಿಕ್ಕಿತು. ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನಿಂದ ನೋಡಿದರೆ ದಪ್ಪ ಗೋಡೆ, ಸಣ್ಣ ಕಿಟಕಿ. ಅದು ನಿಂತಿದ್ದ ದಿಬ್ಬವನ್ನು ಬ್ರಿಜಿಟ್ ಬಾಯಿ ಬುಡದಿಂದ ತುದಿಯವರೆಗೆ ನೋಡಿದಳು. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ಗುಡ್ಡವಾ ಜೇಕಬ್?" ಎಂದಳು. "ನಮ್ಮ ಶಾಲೆಯ ಸ್ಟೇಜು ಇದಕ್ಕಿಂತ ಎತ್ತರ ಉಂಟಲ್ಲ ಮಾರಾಯ."

ಇದು ಬರೀ ಮೊದಲನೆಯದು, ದೊಡ್ಡದು ಮುಂದೆ ಉಂಟು ಎಂದ ಜೇಕಬ್. ಕೊನ್ಸೆಪ್ಟಾಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಇಲ್ಲೇ ನೆರಳಲ್ಲಿ ಕೂತು ಊಟ ಮಾಡಿ ವಾಪಸು ಹೋಗೋಣ, ಸಂಜೆ ಕಾರ್ನಿಷ್‌ನಲ್ಲಿ ಸಮುದ್ರ ತೋರಿಸಿದರಾಯಿತು ಎಂದಳು. ಅಕ್ಕ ಸಮುದ್ರ ನೋಡಲು ಕಾಪುವಿನ ಕಡಲು ಬಿಟ್ಟು ಇಲ್ಲಿಗೆ ಬರಬೇಕಾ ಎಂದು ಅವನು ಸಿಡುಕಿದ. ಯಾರನ್ನಾದರೂ ದಾರಿ ಕೇಳಿ ಎಂದರೆ, ತನಗೆ ಗೊತ್ತುಂಟು ಎಂದ.

ಇನ್ನೂ ಉತ್ತರಕ್ಕೆ ಹೋದ ಮೇಲೆ, ರಸ್ತೆಯಿಂದ ದೂರದಲ್ಲಿ, ಕಲ್ಲುನೆಲ ತುಸು ಏರಿದ ಕಡೆ, ಒಂದು ಬಿಳಿ ಕಟ್ಟಡ ಕಾಣಿಸಿತು. ಸುತ್ತ ಗೋಡೆ, ಗೋಡೆಯ ಮೇಲಿಂದ ಇಣುಕುವ ಖರ್ಜೂರದ ಮರಗಳು. ಜೇಕಬ್‌ನ ಮುಖ ಅರಳಿತು. ಅದೇ ಅರಮನೆ, ಇಷ್ಟು ಹೊತ್ತು ತಾನು ಹೇಳುತ್ತಿದ್ದದ್ದು ಅದನ್ನೇ ಎಂದು ಡಾಂಬರು ಬಿಟ್ಟು ಕಾರನ್ನು ಮಣ್ಣಿಗೆ ಇಳಿಸಿದ. ಬೇಡ, ಮರಳು ಮೆತ್ತಗುಂಟು ಎಂದು ಕೊನ್ಸೆಪ್ಟಾ ಹಿಂದಿನಿಂದ ಹೇಳಿ ಮುಗಿಸುವುದರೊಳಗೆ ಚಕ್ರ ಹೂತುಕೊಂಡಿತು.

ಅವನು ಎಕ್ಸಲರೇಟರ್ ಒತ್ತಿದಷ್ಟೂ ಕಾರು ಕೆಳಗೆ ಹೋಯಿತು. ಬೇರೆ ದಾರಿಯಿಲ್ಲದೆ ಕೊನ್ಸೆಪ್ಟಾ ಇಳಿದು, ಊಟಕ್ಕೆ ಕೂರಲು ತಂದಿದ್ದ ಚಾಪೆಯನ್ನು ಚಕ್ರದಡಿಗೆ ತುರುಕಿದಳು. ಅವಳನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ಜೇಕಬ್ ತಾನೇ ತಳ್ಳತೊಡಗಿದ. ಚಾಪೆ ಹರಿದು ಹಿಂದಕ್ಕೆ ಹಾರಿತು. ಅದರ ಮೇಲೆ ಕಾಲಿಟ್ಟು ಅವನು ಜಾರಿ ಬಿದ್ದ. ಬಲಗಾಲಿನ ಹರಡು ನೋಡುತ್ತ ನೋಡುತ್ತ ಊದಿಕೊಂಡಿತು. ಬ್ರಿಜಿಟ್ ಬಾಯಿ ಕಾರಿನಿಂದ ಇಳಿದು, ತನ್ನ ಕರಿ ಬೂಟಿನೊಳಗೆ ಮರಳು ಹೋಯಿತು ಎಂದಳು. ಆಗ ಕೊನ್ಸೆಪ್ಟಾಗೆ ಬಂದ ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಗಂಡನ ಕಾಲಿಗೆ ಒದ್ದೆ ಕರ್ಚೀಫು ಬಿಗಿದು ಕಟ್ಟಿದಳು.

ಜುಮ್ಮಾ ನಮಾಜು ಮುಗಿಸಿ ಹಿಂತಿರುಗುತ್ತಿದ್ದ ಒಬ್ಬ ಮುದುಕ ಅವರನ್ನು ಕಂಡು ಪಿಕಪ್ ನಿಲ್ಲಿಸಿದ. ತನ್ನ ಹೆಸರು ಅಬು ಫಹದ್ ಎಂದ. ಹಗ್ಗ ಕಟ್ಟಿ ಕಾರನ್ನು ಎಳೆದು ಗಟ್ಟಿ ನೆಲಕ್ಕೆ ತಂದ. ಆ ಸ್ಥಿತಿಯಲ್ಲೂ ಜೇಕಬ್ ಬಿಳಿ ಕಟ್ಟಡದ ಕಡೆ ಕೈ ತೋರಿಸಿ, ತನ್ನ ಅರೆಬರೆ ಅರಬಿಯಲ್ಲಿ, ಅದು ಶೇಕರ ಕಸರ್ ಅಲ್ಲವೇ, ಅರಮನೆಯಲ್ಲವೇ ಎಂದು ಕೇಳಿದ.

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಫಿ ಕಸರ್," ಎಂದ. ತನ್ನ ಎದೆ ಮುಟ್ಟಿಕೊಂಡು, ತನ್ನದೇ ಮನೆ, ಆಡು ಸಾಕುವ ತೋಟ ಎಂದ.

ಅರಬಿಯಲ್ಲಿ ಬ್ರಿಜಿಟ್ ಬಾಯಿ ಕಲಿತಿದ್ದ ಮೊದಲ ಪದವೇ ಮಾಫಿ. ಫ್ಲ್ಯಾಟಿನ ಕೆಳಗಿನ ಅಂಗಡಿಯಲ್ಲಿ ಏನು ಕೇಳಿದರೂ ಸಿಗುತ್ತಿದ್ದ ಉತ್ತರ ಅದು: ಇಲ್ಲ. ಅವಳು ತಮ್ಮನ ಕಡೆ ನೋಡಲಿಲ್ಲ, ಕೊನ್ಸೆಪ್ಟಾಳ ಕಡೆ ತಿರುಗಿದಳು.

"ಅರಮನೆ ಇಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಬಾಯಿ."

"ಮತ್ತೆ ಹೇಳಲಿಕ್ಕೆ ಏನಾಗಿತ್ತು ನಿನಗೆ?"

"ನಿಮ್ಮ ತಮ್ಮನ ಮಾತಿಗೆ ನಾನು ಅಡ್ಡ ಹೇಳಿದ್ರೆ ನಿಮಗೆ ಸರಿ ಕಾಣ್ತಿತ್ತಾ? ಮದುವೆಯಾದ ಹೊಸತರಲ್ಲಿ ಒಂದು ಸಲ ಹೇಳಿ ನೋಡಿದ್ದೇನೆ. ಎರಡು ವರ್ಷ ನೀವು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ."

ಜೇಕಬ್ ತನ್ನ ಕಾಲನ್ನೇ ನೋಡುತ್ತಿದ್ದ.

ಊಟದ ಹೊತ್ತಿಗೆ ಸಿಕ್ಕವರನ್ನು ಬಿಟ್ಟು ಹೋಗುವ ಮನುಷ್ಯನಾಗಿರಲಿಲ್ಲ ಅಬು ಫಹದ್. ಯಲ್ಲಾ ಯಲ್ಲಾ, ಬನ್ನಿ ಬನ್ನಿ ಎಂದು ಮೂವರನ್ನೂ ಪಿಕಪ್‌ಗೆ ಹತ್ತಿಸಿಕೊಂಡ. ಜೇಕಬ್‌ನನ್ನು ಗಂಡಸರ ಕೋಣೆಯ ದಿಂಬುಗಳ ನಡುವೆ ಒರಗಿಸಿ, ಹೆಂಗಸರನ್ನು ಒಳಗೆ ಕಳಿಸಿದ. ಅವನ ಹೆಂಡತಿ, ಸೊಸೆಯಂದಿರು ಬ್ರಿಜಿಟ್ ಬಾಯಿಯ ಸೀರೆಯ ಅಂಚನ್ನು ಮುಟ್ಟಿ ನೋಡಿದರು. ಹಿಂದೆ ಗೋಡೆಯ ನೆರಳಿನಲ್ಲಿ ನಿಂಬೆಗಿಡಗಳಿದ್ದವು, ಬಾವಿಯಿಂದ ಕಾಲುವೆಯಲ್ಲಿ ನೀರು ಹರಿದು ಬದನೆ, ಟೊಮೆಟೊ ಸಾಲುಗಳಿಗೆ ಹೋಗುತ್ತಿತ್ತು. ಬ್ರಿಜಿಟ್ ಬಾಯಿ ಬೂಟು ಕಳಚಿ, ಮರಳು ಕೊಡವಿ, ಆ ನೀರಿನಲ್ಲಿ ಕಾಲಿಟ್ಟು ಬಹಳ ಹೊತ್ತು ನಿಂತಳು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವಳು ಏನನ್ನೂ ಮೈಸೂರಿಗೆ ಹೋಲಿಸಲಿಲ್ಲ.

ಆಮೇಲೆ ಊಟದ ತಟ್ಟೆ ಬಂತು. ಗಾಡಿಯ ಚಕ್ರದಷ್ಟು ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಆಡಿನ ಮಾಂಸ. ಕೊನ್ಸೆಪ್ಟಾ ಬ್ರಿಜಿಟ್ ಬಾಯಿಯ ಕಡೆ ನೋಡಿದಳು. ತಪಸ್ಸು ಕಾಲದ ಶುಕ್ರವಾರ ಮೀನಿನ ಸಾರನ್ನೂ ದೂರ ಸರಿಸುವ ಹೆಂಗಸು ಇವಳು. ನಮ್ಮಲ್ಲಿ ಇವತ್ತು ಉಪವಾಸ ಎಂದು ಹೇಗೆ ವಿವರಿಸುವುದೆಂದು ಕೊನ್ಸೆಪ್ಟಾ ಅರಬಿ ಪದಗಳನ್ನು ಹುಡುಕುತ್ತಿರುವಾಗಲೇ ಮನೆಯೊಡತಿ ತನ್ನ ಕೈಯಾರೆ ಮಾಂಸ ಬಿಡಿಸಿ ಬ್ರಿಜಿಟ್ ಬಾಯಿಯ ಮುಂದಿಟ್ಟಳು. ಬ್ರಿಜಿಟ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ತಿಂದಳು. ಮತ್ತೆ ಬಡಿಸಿದ್ದನ್ನೂ ತಿಂದಳು.

"ಪಾದ್ರಿಗೆ ನಾನೇ ಹೇಳ್ತೇನೆ," ಎಂದಳು ಕೊನ್ಸೆಪ್ಟಾಗೆ. "ಕೈಯಲ್ಲಿ ಎತ್ತಿ ಕೊಟ್ಟದ್ದನ್ನು ಬೇಡ ಅಂತ ಹೇಗೆ ಹೇಳುವುದು?"

ಹೊರಡುವ ಹೊತ್ತಿಗೆ ಜೇಕಬ್‌ಗೆ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ತಿರುಮಲೇಶ್‌ಗೆ ಫೋನ್ ಮಾಡಿ ಕರೆಸೋಣ ಎಂದ. ಅವರು ಬಂದು ಈ ತೋಟ ಹುಡುಕುವಾಗ ರಾತ್ರಿಯಾಗುತ್ತದೆ, ಕಾರನ್ನು ತಾನೇ ಓಡಿಸುತ್ತೇನೆ ಎಂದಳು ಕೊನ್ಸೆಪ್ಟಾ. ಹೈವೇಯಲ್ಲಿ ಲಾರಿಗಳಿವೆ, ನಿನಗೆ ಅಭ್ಯಾಸವಿಲ್ಲ ಎಂದ. ಅಭ್ಯಾಸ ಇಲ್ಲದಿರುವುದು ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಲೈಸೆನ್ಸ್ ಸಿಕ್ಕಿದಂದಿನಿಂದ ಅವನು ಒಂದಲ್ಲ ಒಂದು ಕಾರಣ ಹೇಳಿ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ.

"ಇವಳಿಗೆ ಲೈಸೆನ್ಸ್ ಉಂಟಾ?" ಬ್ರಿಜಿಟ್ ಬಾಯಿ ಕೇಳಿದಳು. ಉಂಟು ಎಂದು ತಿಳಿದಾಗ ತಮ್ಮನ ಮುಂದೆ ಕೈ ಚಾಚಿ ಕೀಲಿ ಇಸಿದುಕೊಂಡು ಕೊನ್ಸೆಪ್ಟಾಗೆ ಕೊಟ್ಟಳು.

ಜೇಕಬ್ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕುಳಿತ. ಹೈವೇ ಸೇರುವ ಮೊದಲೇ ಶುರುಮಾಡಿದ: ಕ್ಲಚ್ ಮೇಲಿಂದ ಕಾಲು ತೆಗೆ, ಗೇರ್ ಬದಲಿಸು, ಕನ್ನಡಿ ನೋಡು, ಇಷ್ಟು ನಿಧಾನ ಹೋದರೆ ಹಿಂದಿನವನು ಗುದ್ದುತ್ತಾನೆ, ಇಷ್ಟು ಜೋರಾಗಿ ಯಾಕೆ. ಲಾರಿಯೊಂದು ಹಾರ್ನ್ ಹೊಡೆದು ಪಕ್ಕದಿಂದ ದಾಟಿದಾಗ ಅವನು ಕೂಗಿಯೇಬಿಟ್ಟ. ಅವಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಹಿಂದಕ್ಕೆ ತಿರುಗದೆಯೇ ಮಾತಾಡಿದಳು.

"ಬೆಳಗ್ಗಿಂದ ನೀವು ಹೇಳಿದ ಕಡೆಗೆಲ್ಲ ಬಂದದ್ದಾಯ್ತು. ಖಲಾಸ್. ಇನ್ನೊಂದು ಮಾತು ಬಂದ್ರೆ ಕಾರು ಇಲ್ಲೇ ಬಿಟ್ಟು ನಾನೂ ಬಾಯಿಯೂ ನಡ್ಕೊಂಡು ಹೋಗ್ತೇವೆ."

ನಡೆಯಲು ತಾನು ತಯಾರು ಎಂಬಂತೆ ಬ್ರಿಜಿಟ್ ಬಾಯಿ ಬೂಟಿನ ಲೇಸು ಬಿಗಿದುಕೊಂಡಳು. ದೋಹಾದ ಮೊದಲ ಸಿಗ್ನಲ್ ಬರುವವರೆಗೆ ಹಿಂದಿನಿಂದ ಉಸಿರಾಟ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಆ ವಾರದ ಕೊನೆಗೆ ಬ್ರಿಜಿಟ್ ಬಾಯಿಯನ್ನು ಏರ್‌ಪೋರ್ಟಿಗೆ ಬಿಟ್ಟುಬಂದದ್ದು ಕೊನ್ಸೆಪ್ಟಾಳೇ. ಅಕ್ಕ ಅವಳ ಕೆನ್ನೆ ಹಿಡಿದು, ಇನ್ನು ಮುಂದೆ ಇವನು ಸುಳ್ಳು ಹೇಳಿದರೆ ನನಗೆ ಹೇಳು ಎಂದಳು. ಹೇಳಲು ಶುರುಮಾಡಿದರೆ ಟ್ರಂಕ್ ಕಾಲ್ ಮುಗಿಯುವುದಿಲ್ಲ ಬಾಯಿ ಎಂದಾಗ, ಆ ಗಟ್ಟಿ ಹೆಂಗಸು ನಕ್ಕಳು.

ಜೇಕಬ್‌ನ ಕಾಲು ವಾಸಿಯಾಗಲು ಈಸ್ಟರ್ ಕಳೆಯಬೇಕಾಯಿತು. ಅಲ್ಲಿಯವರೆಗೆ ಕೊನ್ಸೆಪ್ಟಾ ಅವನನ್ನು ಅವನ ಆಫೀಸಿಗೆ ಬಿಟ್ಟು ತನ್ನ ಆಫೀಸಿಗೆ ಹೋಗುತ್ತಿದ್ದಳು. ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಅವನು ಕೀಲಿ ಕೇಳಿದ. ಹೋಗುವ ದಾರಿಯಲ್ಲೇ ಅಲ್ಲವೇ, ಬಿಡುತ್ತೇನೆ ಎಂದು ಅವಳು ಮೆಟ್ಟಿಲಿಳಿದಳು. ಅವನು ಪಕ್ಕದಲ್ಲಿ ಕುಳಿತು, ಸಿಗ್ನಲ್ ಬಂದಾಗಲೆಲ್ಲ, ತನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದ. ಬಾಯಿ ಮಾತ್ರ ತೆರೆಯಲಿಲ್ಲ.